ಒರೊಂಜೊನ ದುಡ್ಡು ಒರೊಂಜೊಗೆ

"ನಿನ್ನ ಮನೇಲೊಬ್ಬ ಸಾಹುಕಾರ ಇದಾನೆ ಅಂತ ಹೇಳ್ಲೇ ಇಲ್ವಲ್ಲ ಹುಡುಗಿ," ಎಂದ ಫೆರ್ನಾಂದೊ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಮರಿಲೇನಾ ನಕ್ಕಳು. ಫೆರ್ನಾಂದೊ ಕಾರ್ಮಿಕ ಸಂಘದ ಸಹಾಯ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಊರಿನವರ ಅರ್ಜಿ ತುಂಬುತ್ತ ಕೂತವನು, ಕೀಟಲೆ ಮಾಡದೆ ಒಂದು ಹಾಳೆ ಮಗುಚುವವನಲ್ಲ. ಪ್ರತಿ ಜನವರಿಯಲ್ಲೂ ಅವನೆದುರು ಕೂತು ಇಸೇ ಎಂಬ ಆದಾಯದ ಪತ್ರ ಹೊಸದು ಮಾಡಿಸಿಕೊಳ್ಳಬೇಕು. ಮನೆಯಲ್ಲಿ ಎಷ್ಟು ಜನ, ಯಾರ ದುಡಿಮೆ ಎಷ್ಟು, ಯಾರ ಹೆಸರಲ್ಲಿ ಏನಿದೆ ಎಲ್ಲ ಕೂಡಿಸಿ ಕಳೆದು ಸರ್ಕಾರ ಒಂದು ಅಂಕಿ ಕೊಡುತ್ತದೆ. ಆ ಅಂಕಿ ಚಿಕ್ಕದಿದ್ದರೆ ತಿಂಗಳ ಭತ್ಯೆ. ಆ ಅಂಕಿ ಚಿಕ್ಕದಿದ್ದರೆ ಮಗುವಿಗೆ ಪುರಸಭೆಯ ಶಿಶುವಿಹಾರದಲ್ಲಿ ಜಾಗ. ಮೂವತ್ತೊಂದು ವರ್ಷದ, ಗಂಡನಿಲ್ಲದ, ಎರಡು ವರ್ಷದ ಗಂಡುಮಗುವಿನ ತಾಯಿ ಮರಿಲೇನಾಳ ಅಂಕಿಗಿಂತ ಚಿಕ್ಕ ಅಂಕಿ ಆ ಊರಿನಲ್ಲಿ ಯಾರದ್ದೂ ಇರಲಿಲ್ಲ. ಅದೊಂದರಲ್ಲಿ ಅವಳೇ ಮೊದಲು.

"ಯಾರು ಸಾಹುಕಾರ? ಗೋಡೆ ಮೇಲಿನ ಹಲ್ಲೀನಾ?"

"ಒರೊಂಜೊ."

"ನನ್ನ ಮಗ? ಅವನ ಹತ್ರ ಒಂದು ಮುರಿದ ಲಾರಿ ಇದೆ. ಚಕ್ರ ಮೂರೇ. ಅದನ್ನೂ ಬರ್ಕೋ."

ಫೆರ್ನಾಂದೊ ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ನೋಡಮ್ಮ. ಪತ್ರ ವಾಪಸ್ ಬಂದಿದೆ. 'ಮುಚ್ಚಿಟ್ಟ ಆಸ್ತಿ' ಅಂತ ಗುರುತು ಹಾಕಿದಾರೆ. ಮಗು ಹೆಸರಲ್ಲಿ ಅಂಚೆ ಕಚೇರೀಲಿ ಒಂದು ಬಾಂಡು. ಹನ್ನೆರಡು ಸಾವಿರ ಯೂರೊ. ನಾಮಕರಣದ ಮಾರನೇ ದಿನದ್ದು."

ಅದು ಯಾರ ಕೆಲಸ ಎಂದು ಮರಿಲೇನಾಗೆ ತಟ್ಟನೆ ಹೊಳೆಯಿತು. ನಾಮಕರಣದ ದಿನ ಚರ್ಚಿನಲ್ಲಿ ಮರಿಲೇನಾಳ ಕೈಚೀಲವನ್ನು ಅವ್ವ ಹಿಡಿದುಕೊಂಡಿದ್ದಳು. ಚೀಲದಲ್ಲಿ ಮಗುವಿನ ತೆರಿಗೆ ಕಾರ್ಡಿತ್ತು. ಎರಡು ದಿನ ಕಳೆದ ಮೇಲೆ, "ಮಗೂ ಕಾರ್ಡು ನನ್ನ ಹತ್ರ ಉಳಿದುಹೋಯ್ತು ನೋಡೇ" ಎಂದು ತಂದುಕೊಟ್ಟಿದ್ದಳು.

"ಇಬ್ಬರೇ ಇರೋ ಮನೆಗೆ ಎಂಟು ಸಾವಿರದ ಮೇಲೆ ಉಳಿತಾಯ ಇದ್ರೆ ಭತ್ಯೆ ಇಲ್ಲ," ಎಂದ ಫೆರ್ನಾಂದೊ. "ಹೋದ ವರ್ಷದ ಅರ್ಜೀಲೂ ಇದನ್ನ ಬರ್ದಿಲ್ಲ. ಅದು ಸುಳ್ಳು ಅರ್ಜಿ ಆಯ್ತು. ಸುಳ್ಳು ಅರ್ಜಿ ಮೇಲೆ ಸಿಕ್ಕಿದ್ದೆಲ್ಲ ಹೋಗುತ್ತೆ. ಭತ್ಯೆ ಹೋಗುತ್ತೆ. ಶಿಶುವಿಹಾರದ ಜಾಗಾನೂ ಹೋಗುತ್ತೆ."

"ಸೋಮವಾರ ನಾನು ಕೆಲಸಕ್ಕೆ ಸೇರ್ತಿದೀನಿ ಫೆರ್ನಾಂದೊ!"

"ಗೊತ್ತು."

"ನಂಗೆ ಗೊತ್ತೇ ಇರ್ಲಿಲ್ಲ ಅಂತ ಬರಿ."

"ಬರೀತೀನಿ. ಆದ್ರೆ ಗೊತ್ತಿಲ್ದೆ ನದೀಗೆ ಬಿದ್ರೂ ಒದ್ದೆ ಆಗ್ತಾರಮ್ಮ."

ಕೆಲಸ ಎಂದರೆ ಆಸ್ಪತ್ರೆಗಳ ಹಾಸು ಹೊದಿಕೆ ಒಗೆಯುವ ಕಾರ್ಖಾನೆಯಲ್ಲಿ ಇಸ್ತ್ರಿ ಯಂತ್ರದ ಮುಂದೆ. ನಾಲ್ಕು ವರ್ಷದಿಂದ ಆಲಿವ್ ಕೊಯ್ಲು, ಹೋಟೆಲಿನ ಪಾತ್ರೆ, ಯಾರದೋ ಅಜ್ಜಿಯ ಶುಶ್ರೂಷೆ ಎಂದು ಚೂರು ಚೂರು ಕೆಲಸ ಮಾಡಿದವಳಿಗೆ ಮೊದಲ ಸಲ ಕರಾರಿಗೆ ಸಹಿ ಹಾಕುವ ಕೆಲಸ. ಕಾರ್ಖಾನೆಯ ವ್ಯಾನು ಬೆಳಿಗ್ಗೆ ಏಳೂಮುಕ್ಕಾಲಿಗೆ ಚೌಕದಿಂದ ಹೊರಡುತ್ತದೆ. ಶಿಶುವಿಹಾರ ಏಳೂವರೆಗೆ ಬಾಗಿಲು ತೆರೆಯುತ್ತದೆ. ನಡುವಿನ ಆ ಕಾಲು ಗಂಟೆಯ ಮೇಲೆ ಅವಳು ತನ್ನ ಇಡೀ ಬದುಕು ನಿಲ್ಲಿಸಿಟ್ಟಿದ್ದಳು.

*

ಅವ್ವ ಕೊನ್ಸಿಲ್ಯಾ ಇರುವುದು ಪಕ್ಕದ ಹಳ್ಳಿಯಲ್ಲಿ, ಕಲ್ಲುಗಣಿಯ ಹತ್ತಿರ. ಮರಿಲೇನಾ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ನುಗ್ಗಿದಾಗ ಆಕೆ ಮೇಜಿನ ತುಂಬ ಕಾಡುಸೊಪ್ಪು ಹರಡಿಕೊಂಡು ಬೇರು ಬಿಡಿಸುತ್ತಿದ್ದಳು.

"ಅವ್ವಾ, ಏನ್ ಮಾಡಿದ್ಯೆ ನೀನು?"

"ಸೊಪ್ಪು ಬಿಡಿಸ್ತಿದೀನಿ. ಕಣ್ಣು ಕಾಣಲ್ವಾ?"

"ಅಂಚೆ ಕಚೇರೀಲಿ ಏನ್ ಮಾಡಿದ್ಯೆ ಅಂತ ಕೇಳಿದ್ದು!"

ಕೊನ್ಸಿಲ್ಯಾಳ ಕೈ ನಿಂತಿತು. ಎದ್ದು, ಕೆಟ್ಟ ಸೊಂಟವನ್ನು ಎಳೆದುಕೊಂಡು ಹೋಗಿ ಕಿಟಕಿ ಮುಚ್ಚಿದಳು. "ಮೆಲ್ಲಗೆ ಕೂಗು. ಪಕ್ಕದ ಮನೆಯವಳಿಗೆ ಕೇಳಿದ್ರೆ ಮಗೂಗೆ ಕಣ್ಣು ಬೀಳುತ್ತೆ. ಅದಕ್ಕೇ ನಾನು ಯಾರಿಗೂ ಹೇಳ್ಲಿಲ್ಲ. ಹದಿನೆಂಟು ತುಂಬಿದ ದಿನ ಕೊಡೋಣ ಅಂತಿದ್ದೆ. ಯಾವ ಬಾಯಿಹರುಕ ಹೇಳ್ದ ನಿಂಗೆ?"

"ಸರ್ಕಾರ ಹೇಳ್ತು!"

"ಸರ್ಕಾರಕ್ಕೆ ಯಾಕೆ? ನಾನೇನು ಕದ್ದು ಇಟ್ನಾ? ಅಂಚೆ ಕಚೇರೀಗೇ ಹೋಗಿ, ಸರ್ತೀಲಿ ನಿಂತು, ಸರ್ಕಾರದ ಕೈಗೇ ಕೊಟ್ಟೆ. ಮುಚ್ಚಿಡೋಳು ಹಾಸಿಗೆ ಕೆಳಗೆ ಇಡ್ತಿದ್ದೆ."

ಅವ್ವ ಹೇಳಿದ್ದು ಸರಿಯಿತ್ತು. ಮರಿಲೇನಾಳ ಸಿಟ್ಟು ಇನ್ನೂ ಏರಿದ್ದು ಅದಕ್ಕೇ. ಹಾಸಿಗೆಯ ಕೆಳಗಿಟ್ಟಿದ್ದರೆ ನಿಜವಾಗಿಯೂ ಯಾರಿಗೂ ತಿಳಿಯುತ್ತಿರಲಿಲ್ಲ. ಈ ಹೆಂಗಸು ಜೀವನದಲ್ಲಿ ಮೊದಲ ಸಲ ಕಾನೂನಿನ ಪ್ರಕಾರ ಒಂದು ಕೆಲಸ ಮಾಡಿದ್ದಳು, ಅದು ನೇರವಾಗಿ ಮಗಳ ಕೊರಳಿಗೆ ಬಂದು ಸುತ್ತಿಕೊಂಡಿತ್ತು.

"ಎಲ್ಲಿಂದ ಬಂತು ಅಷ್ಟು ದುಡ್ಡು?" ಎಂದು ಕೇಳಿದಳು. ಉತ್ತರ ಅವಳಿಗೂ ಗೊತ್ತಿತ್ತು.

"ನಿಮ್ಮಪ್ಪಂದು. ಗಣಿಯವರು ಕೊಟ್ಟಿದ್ದು. ಒರೊಂಜೊನ ದುಡ್ಡು ಒರೊಂಜೊಗೆ ಹೋಗ್ಬೇಕು. ನ್ಯಾಯ ಅಲ್ವಾ?"

ಅಪ್ಪ ಒರೊಂಜೊ ಹದಿಮೂರು ವರ್ಷದ ಹಿಂದೆ ಗಣಿಯಲ್ಲಿ ಕಲ್ಲಿನ ಹಲಗೆಯೊಂದು ಜಾರಿ ಸತ್ತವನು. ಮರಿಲೇನಾ ಗಂಡನಿಲ್ಲದೆ ಬಸುರಿಯಾದಾಗ ಕೊನ್ಸಿಲ್ಯಾ ಏಳು ತಿಂಗಳು ಮಗಳ ಜೊತೆ ಮಾತು ಬಿಟ್ಟಿದ್ದಳು. ಹೆರಿಗೆಯಾದ ದಿನ ಆಸ್ಪತ್ರೆಯ ದಾದಿ ಹೆಸರು ಕೇಳಿದಾಗ ಮರಿಲೇನಾ ಹಿಂದೆ ಮುಂದೆ ನೋಡದೆ "ಒರೊಂಜೊ" ಎಂದಿದ್ದಳು. ಮಧ್ಯಾಹ್ನಕ್ಕೆ ಸುದ್ದಿ ಹಳ್ಳಿ ಮುಟ್ಟಿತು. ಸಂಜೆ ಕೊನ್ಸಿಲ್ಯಾ ಕೋಳಿ ಸಾರಿನ ಪಾತ್ರೆ ಹೊತ್ತು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಳು. ಕ್ಷಮಿಸಿದೆ ಎಂದು ಬಾಯಿಬಿಟ್ಟು ಹೇಳುವವಳಲ್ಲ. ಆ ಬಾಂಡೇ ಅವಳ ಮಾತಾಗಿತ್ತು ಎಂಬುದು ಮರಿಲೇನಾಗೆ ಈಗ ತಿಳಿಯಿತು. ಅದಕ್ಕೇ ಬಯ್ಯುವುದಕ್ಕೂ ಬಾಯಿ ಬರಲಿಲ್ಲ, ಸುಮ್ಮನಿರುವುದಕ್ಕೂ ಆಗಲಿಲ್ಲ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವಳ ಹಾಗೆ ನಿಂತಳು.

ಬಾಂಡು ಬಾಲಯೇಸುವಿನ ಗಾಜಿನ ಗೂಡಿನ ಕೆಳಗೆ ಮಡಚಿಟ್ಟಿತ್ತು. ಮರಿಲೇನಾ ಅದನ್ನು ಕಿತ್ತುಕೊಂಡು ಒಲೆಯ ಕಡೆ ಕೈ ಚಾಚಿದಳು. "ಸುಟ್ಟುಬಿಡ್ತೀನಿ. ಆಗ ಬಾಂಡೇ ಇಲ್ಲ ಅಂತಾಗುತ್ತೆ."

ಕೊನ್ಸಿಲ್ಯಾ ತಡೆಯಲಿಲ್ಲ. "ಸುಡು," ಎಂದಳು. "ನಿಮ್ಮಪ್ಪನನ್ನೂ ಮಣ್ಣು ಮಾಡಿದ್ರು. ಆಮೇಲೂ ಅವನ ಹೆಸರಿಗೆ ಪ್ರತಿ ವರ್ಷ ತೆರಿಗೆ ಚೀಟಿ ಬರ್ತಾನೇ ಇತ್ತು, ನಾಕು ವರ್ಷ. ಕಾಗದ ಸುಟ್ರೆ ಅವರು ಮರೀತಾರಾ?"

*

ಬುಧವಾರ ಇಬ್ಬರೂ ಅಂಚೆ ಕಚೇರಿಗೆ ಹೋದರು. ಗಾಜಿನ ಹಿಂದಿದ್ದ ಹುಡುಗಿ ಬಾಂಡನ್ನು ಹಿಂದು ಮುಂದು ತಿರುಗಿಸಿ ನೋಡಿದಳು.

"ಇದನ್ನ ಬಿಡಿಸ್ಕೊಳ್ಳಕ್ಕೆ ಆಗಲ್ಲ. ಇದು ಮಗುವಿನದು."

"ನಾನು ಮಗುವಿನ ತಾಯಿ."

"ಹೌದು. ಆದ್ರೆ ನೀವು ಮಗು ಅಲ್ವಲ್ಲ."

"ದುಡ್ಡು ಕಟ್ಟಿದೋಳು ನಾನು," ಎಂದು ಕೊನ್ಸಿಲ್ಯಾ ಗಾಜಿಗೆ ಮೂಗು ತಾಗಿಸಿದಳು. "ನಾನು ಕೊಟ್ಟಿದ್ದು, ನಾನು ವಾಪಸ್ ತಗೋತೀನಿ. ಅಂಗಡೀಲಿ ಬೂಟು ಸರಿ ಹೋಗ್ದಿದ್ರೂ ವಾಪಸ್ ತಗೋತಾರೆ."

"ಅಜ್ಜಿ, ಕೊಟ್ಟ ಮೇಲೆ ಅದು ನಿಮ್ಮದಲ್ಲ. ಮಗೂಗೆ ಹದಿನೆಂಟು ಆಗ್ಬೇಕು, ಇಲ್ಲಾಂದ್ರೆ ಲೆಚ್ಚೆ ಪಟ್ಟಣದ ನ್ಯಾಯಾಲಯಕ್ಕೆ ಹೋಗಿ ನ್ಯಾಯಾಧೀಶರ ಅಪ್ಪಣೆ ತನ್ನಿ." ಹಿಂದೆ ಸರತಿಯಲ್ಲಿ ನಿಂತವರು ಗೊಣಗತೊಡಗಿದರು. ಮರಿಲೇನಾ ಭತ್ಯೆಯ ದುಡ್ಡು ಬೀಳುವ ಹಳದಿ ಕಾರ್ಡು ಕೊಟ್ಟು ಅದರಲ್ಲಿ ಏನಿದೆ ನೋಡಿ ಎಂದಳು. ಹುಡುಗಿ ನೋಡಿದಳು. ಕಾರ್ಡು ಆಗಲೇ ನಿಂತುಹೋಗಿತ್ತು. ಒಂದೇ ಗಾಜಿನ ಹಿಂದೆ, ಒಂದೇ ಹುಡುಗಿಯ ಕೈಯಲ್ಲಿ, ಒಂದು ಕಾಗದ ಅವಳನ್ನು ಸಾಹುಕಾರ್ತಿ ಎನ್ನುತ್ತಿತ್ತು, ಆ ಕಾರ್ಡು ಒಂದು ಪೊಟ್ಟಣ ಹಾಲಿಗೂ ಗತಿಯಿಲ್ಲದವಳು ಎನ್ನುತ್ತಿತ್ತು.

ಗುರುವಾರ ಶಿಶುವಿಹಾರದಿಂದ ಕರೆ ಬಂತು. ಮುಖ್ಯಸ್ಥೆ ಪೀನಾ ಟೀಚರ್ ಮರಿಲೇನಾಗೆ ಚಿಕ್ಕಂದಿನಲ್ಲಿ ಕಲಿಸಿದವಳು. ಒರೊಂಜೊನ ಕೋಟು ನೇತುಹಾಕುವ ಮೊಳೆಯ ಮೇಲೆ ಮೀನಿನ ಚಿತ್ರವಿತ್ತು. ಅದರ ಮುಂದೆಯೇ ನಿಂತು ಮಾತಾಡಿದರು.

"ಪುರಸಭೆಯಿಂದ ಕಾಗದ ಬಂದಿದೆ ಮಗಳೇ. ಇವತ್ತೇ ಅವನ ಕೊನೆ ದಿನ."

"ಟೀಚರ್, ಹೊಸ ಅರ್ಜಿ ಕೊಡ್ತೀನಿ. ಆ ಬಾಂಡು ಬರೆದೇ ಕೊಡ್ತೀನಿ. ಅದನ್ನ ಸೇರಿಸಿದ್ರೂ ನನ್ನ ಅಂಕಿ ಇನ್ನೂ ಚಿಕ್ಕದೇ ಅಂತೆ, ಫೆರ್ನಾಂದೊ ಹೇಳ್ದ."

"ಇರಬಹುದು. ಹೊಸ ಅರ್ಜಿ ಸೆಪ್ಟೆಂಬರ್ ಪಟ್ಟಿಗೆ. ಈ ಪಟ್ಟೀಲಿ ನಿನ್ನ ಹಿಂದೆ ನಲವತ್ತು ಮಕ್ಕಳಿದಾರೆ. ನಿನ್ನ ಜಾಗ ಖಾಲಿ ಆದ ಗಳಿಗೇಲಿ ಮುಂದಿನೋಳಿಗೆ ಫೋನ್ ಹೋಗುತ್ತೆ. ಆಗ್ಲೇ ಹೋಗಿದೆ."

"ಸೆಪ್ಟೆಂಬರ್ ತನಕ ಕೆಲಸ ನನಗೋಸ್ಕರ ಕಾಯುತ್ತಾ?"

"ಇನ್ನೊಂದು ಮಾತು," ಎಂದಳು ಪೀನಾ ಟೀಚರ್, ದನಿ ತಗ್ಗಿಸಿ. "ಸೆಪ್ಟೆಂಬರಿನಲ್ಲಿ ಮೊದಲು ಬರೋದು ಒಂಟಿ ತಾಯಂದಿರು, ಅದೂ ಕೆಲಸದಲ್ಲಿರೋರು. ಕೆಲಸ ಬಿಡಬೇಡ. ಬಿಟ್ರೆ ಪಟ್ಟೀಲಿ ಕೆಳಗೆ ಹೋಗ್ತೀಯ. ನಿಮ್ಮವ್ವನನ್ನ ಮನೆಗೆ ಕರ್ಕೊಂಡ್ರೂ ಹೋಗ್ತೀಯ. ಮನೇಲಿ ಅಜ್ಜಿ ಇದ್ರೆ ನೀನು ಒಂಟಿ ಅಲ್ಲ. ಅವಳ ಪಿಂಚಣಿ ಬೇರೆ ನಿನ್ನ ಲೆಕ್ಕಕ್ಕೆ ಬರುತ್ತೆ."

"ಹಾಗಾದ್ರೆ ಮಗು ಎಲ್ಲಿಡ್ಲಿ? ಈ ಮೊಳೆಗೆ ನೇತು ಹಾಕ್ಲಾ?"

ಟೀಚರ್ ಮೊಳೆಯಿಂದ ಒರೊಂಜೊನ ಕೋಟು ತೆಗೆದು ಅವಳ ಕೈಗೆ ಕೊಟ್ಟಳು. ಊರಿನಲ್ಲಿ ಒಂದು ಖಾಸಗಿ ಶಿಶುವಿಹಾರವಿತ್ತು. ಅದರ ಶುಲ್ಕ ಕಾರ್ಖಾನೆಯ ಸಂಬಳವನ್ನು ಪೂರಾ ನುಂಗಿ ಇನ್ನೂ ಬಾಯಿ ತೆರೆದುಕೊಂಡೇ ಇರುವಂಥದ್ದು. ಸರ್ಕಾರ ಅರ್ಧ ಮರಳಿ ಕೊಡುತ್ತದೆ, ಆದರೆ ಮೊದಲು ಕಟ್ಟಿ ರಸೀದಿ ತೋರಿಸಬೇಕು. ಕಟ್ಟಲು ಇದ್ದರೆ ಮರಳಿ ಕೇಳುವವರು ಯಾರು?

ಮನೆಗೆ ಹೋಗುವ ದಾರಿಯಲ್ಲಿ ಅವಳಿಗೆ ಬುದ್ಧಿ ಹೊಳೆಯಿತು. ಕಟ್ಟಲು ಇದೆಯಲ್ಲ! ಮಗುವಿನ ದುಡ್ಡು, ಮಗುವಿನ ಶಿಶುವಿಹಾರ. ಇದಕ್ಕಿಂತ ಸರಿಯಾದ ಖರ್ಚು ಯಾವುದು? ಯಾವ ನ್ಯಾಯಾಧೀಶ ಬೇಡ ಅನ್ನುತ್ತಾನೆ?

*

ಶುಕ್ರವಾರ ಬೆಳಗಿನ ಬಸ್ಸಿಗೆ ಮಗುವನ್ನೂ ಎತ್ತಿಕೊಂಡು ಲೆಚ್ಚೆಗೆ ಹೋದರು. ಕೊನ್ಸಿಲ್ಯಾ ಕಪ್ಪು ಕೋಟು ಹಾಕಿಕೊಂಡಿದ್ದಳು, ಗಂಡನ ಮಣ್ಣಿಗೆ ಹಾಕಿಕೊಂಡದ್ದು. ನ್ಯಾಯಾಲಯದ ಎರಡನೇ ಮಹಡಿಯಲ್ಲಿ, ಕನ್ನಡಕವನ್ನು ಸರಪಳಿಗೆ ಕಟ್ಟಿಕೊಂಡಿದ್ದ ಗುಮಾಸ್ತೆ ಇಬ್ಬರನ್ನೂ ಕೂರಿಸಿ ಕಾಗದ ಓದಿದಳು. ಕೆಟ್ಟವಳಲ್ಲ. ನೀರು ಬೇಕಾ ಎಂದು ಕೇಳಿದಳು.

"ಅರ್ಜಿ ಹಾಕಬಹುದು. ಮೂರು ತಿಂಗಳಾದ್ರೂ ಆಗುತ್ತೆ. ಆದ್ರೆ ಮುಂಚೇನೇ ಹೇಳಿಬಿಡ್ತೀನಿ, ಶಿಶುವಿಹಾರದ ಶುಲ್ಕಕ್ಕೆ ಅಂತ ಬರೆದ್ರೆ ನ್ಯಾಯಾಧೀಶರು ಒಪ್ಪಲ್ಲ."

"ಯಾಕೆ? ಮಗುವಿಗೇ ತಾನೆ?"

"ಮಗುವನ್ನ ಸಾಕೋದು ತಾಯಿ ಕರ್ತವ್ಯ. ಅವನ ದುಡ್ಡಲ್ಲೇ ಅವನನ್ನ ಸಾಕೋ ಹಾಗಿಲ್ಲ. ಅದು ಅವನ ಭವಿಷ್ಯಕ್ಕೆ."

ಮರಿಲೇನಾ ನಿಧಾನವಾಗಿ, ಶಾಲೆಯ ಮಗುವಿಗೆ ಕೇಳುವ ಹಾಗೆ ಕೇಳಿದಳು. "ಅಂದ್ರೆ ಆ ದುಡ್ಡು ನಂದಲ್ಲ."

"ಅಲ್ಲ."

"ಮುಟ್ಟೋ ಹಾಗೂ ಇಲ್ಲ."

"ಇಲ್ಲ."

"ಮತ್ತೆ ನನ್ನ ಹತ್ರ ಇದೆ ಅಂತ ಭತ್ಯೆ ನಿಲ್ಸಿದ್ದು ಯಾಕೆ?"

ಗುಮಾಸ್ತೆ ಕನ್ನಡಕ ಎದೆಯ ಮೇಲೆ ಬಿಟ್ಟಳು. "ಅದು ಬೇರೆ ಇಲಾಖೆ."

"ಎಂಥದಕ್ಕಾದ್ರೆ ಕೊಡ್ತಾರೆ?" ಎಂದು ಕೊನ್ಸಿಲ್ಯಾ ನಡುವೆ ಬಾಯಿ ಹಾಕಿದಳು.

"ದೊಡ್ಡ ಆಪರೇಷನ್ನು, ಗಂಭೀರ ಕಾಯಿಲೆ, ಅಂಥದ್ದಕ್ಕೆ."

"ಅಂದ್ರೆ ಮಗು ಕಾಲು ಮುರ್ಕೊಂಡ್ರೆ ದುಡ್ಡು. ಕಾಲು ಮುರೀದ ಹಾಗೆ ನೋಡ್ಕೊಳ್ಳೋಕೆ ಅಂದ್ರೆ ಇಲ್ಲ."

"ಹಾಗೆ ನೋಡಿದ್ರೆ... ಹೌದಮ್ಮ."

"ಸರಿ ಹೋಯ್ತು," ಎಂದು ಕೊನ್ಸಿಲ್ಯಾ ಎದ್ದಳು. "ಗಣಿಯವರು ದುಡ್ಡು ಕೊಟ್ಟಿದ್ದೂ ನನ್ನ ಗಂಡ ಸತ್ತ ಮೇಲೇ. ಬದುಕಿದ್ದಾಗ ಟೋಪಿ ಕೇಳಿದ್ದ, ತಲೆಗೆ ಹಾಕ್ಕೊಳ್ಳೋ ಗಟ್ಟಿ ಟೋಪಿ. ಕೊಡ್ಲಿಲ್ಲ."

ವಾಪಸ್ಸು ಬಸ್ಸಿನಲ್ಲಿ ಮಗು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿತ್ತು.

"ಹತ್ತು ವರ್ಷ ಆ ದುಡ್ಡು ಇಟ್ಕೊಂಡಿದ್ದೆ," ಎಂದಳು ಕೊನ್ಸಿಲ್ಯಾ. "ಒಂದು ಸಲ ಅದರಲ್ಲಿ ಬ್ರೆಡ್ಡು ತಂದೆ. ಬಾಯಿಗಿಟ್ರೆ ಕಲ್ಲುಪುಡಿ. ಉಗುಳಿಬಿಟ್ಟೆ. ಇದನ್ನ ತಿನ್ನಕ್ಕಾಗಲ್ಲ, ಮಗು ಹೆಸರಿಗೆ ಹಾಕಿದ್ರೆ ಅದರ ರಕ್ತದ ವಾಸನೆ ಹೋಗುತ್ತೆ ಅಂತ... ನಾನೇನು ಓದಿದೋಳಾ ಮರಿಲೇ? ನಂಗೆ ಹೇಗೆ ಗೊತ್ತಾಗ್ಬೇಕು?"

ಮರಿಲೇನಾ ಕಿಟಕಿಯಾಚೆ ನೋಡಿದಳು. ರೋಗ ಹಿಡಿದು ಒಣಗಿದ ಆಲಿವ್ ಮರಗಳು ಮೈಲಿಗಟ್ಟಲೆ ಬೂದಿ ಬಣ್ಣಕ್ಕೆ ನಿಂತಿದ್ದವು. ಕಡಿಯಲು ಅಪ್ಪಣೆ ಬೇಕು, ಅಪ್ಪಣೆ ಬಂದಿಲ್ಲ.

"ಅಳಬೇಡ ಅವ್ವಾ. ಜನ ನೋಡ್ತಾರೆ."

"ಅಳ್ತಿಲ್ಲ ಕಣೆ. ನೆಗಡಿ." ಮೂಗು ಒರೆಸಿಕೊಂಡು, "ನಾನು ಬಂದು ನೋಡ್ಕೋತೀನಿ," ಎಂದಳು.

"ನಿನ್ನ ಊರಿನ ಮೊದಲ ಬಸ್ಸು ಒಂಬತ್ತಕ್ಕೆ."

"ಭಾನುವಾರವೇ ಬಂದು ಇರ್ತೀನಿ. ಪ್ರತಿ ಶನಿವಾರ ನನ್ನ ಮನೆಗೆ ಹೋಗಿ ದೀಪ ಹಚ್ಚಿ ಬರ್ತೀನಿ, ಇದೀನಿ ಅಂತ ಕಾಣೋ ಹಾಗೆ."

"ನೀನು ನನ್ನ ಮನೇಲಿ ಇರೋದು ಯಾರಾದ್ರೂ ನೋಡಿ ಪುರಸಭೆಗೆ ಹೇಳಿದ್ರೆ? ಮನೇಲಿ ಯಾರ್‍ಯಾರಿದಾರೆ ಅಂತ ಪೇದೆ ಬಂದು ಬಾಗಿಲು ಬಡೀತಾನೆ. ಸೆಪ್ಟೆಂಬರೂ ಹೋಗುತ್ತೆ."

"ಬಡೀಲಿ. ನಾನಿಲ್ಲ."

"ಅವನು ಓಡಾಡೋ ಮಗು. ಬಾಗಿಲು ತೆಗೆದಿದ್ರೆ ರಸ್ತೆಗೆ ನುಗ್ತಾನೆ. ನಿನ್ನ ಸೊಂಟದಲ್ಲಿ ಹಿಡಿಯೋಕಾಗುತ್ತಾ?"

ಕೊನ್ಸಿಲ್ಯಾ ಮಗುವಿನ ಬೆವರಿದ ಹಣೆಯ ಮೇಲಿನ ಕೂದಲು ಸರಿಸಿದಳು. ಅವಳಿಗೆ ಉತ್ತರ ಮೊದಲೇ ಸಿದ್ಧವಾಗಿತ್ತು.

"ಹೊರಗಿಂದ ಬೀಗ ಹಾಕ್ಕೊಂಡು ಹೋಗು," ಎಂದಳು.

"ಹುಚ್ಚಾ ನಿಂಗೆ?"

"ಬೇರೆ ದಾರಿ ಇದ್ರೆ ಹೇಳು."

ಮರಿಲೇನಾ ಮನೆ ಮುಟ್ಟುವ ತನಕ ಹುಡುಕಿದಳು. ಶನಿವಾರವಿಡೀ ಹುಡುಕಿದಳು. ಪಕ್ಕದ ಮನೆಯವಳನ್ನು ಕೇಳಿದರೆ ಅವಳು ಹೇಳಿದ ಕೂಲಿ ಸಂಬಳದ ಮುಕ್ಕಾಲು ಪಾಲು. ಕಾರ್ಖಾನೆಗೆ ಫೋನ್ ಮಾಡಿ ಒಂದು ತಿಂಗಳು ಬಿಟ್ಟು ಬರಲೇ ಎಂದರೆ ಮೇಸ್ತ್ರಿ, "ಬರ್ಬೇಡಮ್ಮ, ಬೇರೆಯವರು ಬರ್ತಾರೆ" ಎಂದ.

*

ಸೋಮವಾರ ಏಳೂವರೆ. ಶಿಶುವಿಹಾರದ ಬಾಗಿಲು ತೆರೆಯುವ ಹೊತ್ತು. ಮರಿಲೇನಾ ಗ್ಯಾಸಿನ ನಲ್ಲಿ ತಿರುಗಿಸಿ ಮುಚ್ಚಿದಳು, ಇನ್ನೊಂದು ಸಲ ನೋಡಿದಳು. ಹಾಲು, ಬಿಸ್ಕತ್ತು, ನೆನೆಸಿದ ಒಣರೊಟ್ಟಿ ಮೇಜಿನ ಮೇಲಿಟ್ಟಳು. ಕಿಟಕಿಯ ಬಾಗಿಲು ಅರ್ಧ ಎಳೆದಳು. ಅಜ್ಜಿಯ ಬೂಟು ಹೊಸ್ತಿಲ ಹತ್ತಿರ ಕಾಣುತ್ತಿತ್ತು, ಅದನ್ನು ಎತ್ತಿ ಮಂಚದ ಕೆಳಗೆ ತಳ್ಳಿದಳು.

"ಬೆಂಕಿ ಗಿಂಕಿ ಆದ್ರೆ?"

"ಆಗಲ್ಲ. ಹೋಗು, ವ್ಯಾನು ತಪ್ಪುತ್ತೆ."

"ಎರಡೂವರೆಗೆ ಬರ್ತೀನಿ. ಯಾರು ಬಡಿದ್ರೂ..."

"ಯಾರೂ ಇಲ್ಲ. ಗೊತ್ತು. ಒರೊಂಜೊ, ಆಟ ಆಡೋಣ. ಬಾಗಿಲು ಟಕಟಕ ಅಂದ್ರೆ ನಾವು ಇಲಿ. ಇಲಿ ಏನ್ ಮಾಡುತ್ತೆ?"

ಮಗು ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡಿತು. ನಿನ್ನೆಯೆಲ್ಲ ಅಭ್ಯಾಸ ಮಾಡಿದ್ದರು.

ಮರಿಲೇನಾ ಹೊರಗೆ ಬಂದು ಬಾಗಿಲೆಳೆದು ಬೀಗದ ಕೈ ಎರಡು ಸುತ್ತು ತಿರುಗಿಸಿದಳು. ಕೀಲಿಯನ್ನು ಕುಪ್ಪಸದೊಳಗೆ ಹಾಕಿಕೊಂಡಳು. ತಣ್ಣಗೆ ಎದೆಗೆ ತಾಗಿತು. ನಾಲ್ಕು ಹೆಜ್ಜೆ ನಡೆದವಳು ನಿಂತಳು. ಒಳಗಿನಿಂದ ಏನೂ ಕೇಳಿಸುತ್ತಿರಲಿಲ್ಲ. ಒಂದು ಮಾತು ಕೇಳಿ ಹೋಗೋಣ, ಅಷ್ಟೇ, ಎಂದು ಹಿಂದೆ ಬಂದು ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದಳು.

ಸದ್ದಿಲ್ಲ.

"ಅವ್ವಾ," ಎಂದು ಪಿಸುಗುಟ್ಟಿದಳು. "ನಾನು."

ಹಲಗೆಯಾಚೆ ಯಾರೋ ಉಸಿರು ಬಿಗಿಹಿಡಿದದ್ದು ಅವಳಿಗೆ ಗೊತ್ತಾಯಿತು. ಸಣ್ಣದೊಂದು ಕಾಲು ನೆಲದ ಮೇಲೆ ಸರಿದು ನಿಂತಿತು. ಕಲಿಸಿಕೊಟ್ಟದ್ದನ್ನು ಇಬ್ಬರೂ ತಪ್ಪದೆ ಮಾಡುತ್ತಿದ್ದರು.

ಚೌಕದಿಂದ ವ್ಯಾನು ಹಾರನ್ ಹೊಡೆಯಿತು. ಮರಿಲೇನಾ ಮತ್ತೆ ತಟ್ಟಲಿಲ್ಲ. ಎದೆಯ ಮೇಲಿನ ಕೀಲಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡು, ಯಾರೂ ಇಲ್ಲದ ಆ ಮನೆಗೆ ಬೆನ್ನು ಹಾಕಿ ಓಡಿದಳು.